ಅನ್‌ಡೂ ಇಲ್ಲದ ಕೆಲಸ: ಡಿಜಿಟಲ್ ಡಿಸೈನರ್‌ಗೆ ಲಿನೋಕಟ್

ಪ್ರಶ್ನೆ: ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ಬ್ರ್ಯಾಂಡಿಂಗ್ ಮತ್ತು ಆ್ಯಪ್ ಡಿಸೈನ್ ಮಾಡುತ್ತಿದ್ದೇನೆ. ದಿನವಿಡೀ ಫಿಗ್ಮಾ, ಇಲ್ಲಸ್ಟ್ರೇಟರ್ ಎಂಬ ಡಿಸೈನ್ ಸಾಫ್ಟ್‌ವೇರ್‌ಗಳು. ಕಾಲೇಜಿನಲ್ಲಿದ್ದಾಗ ಕೈಯಲ್ಲಿ ಚಿತ್ರ ಬರೆಯುತ್ತಿದ್ದೆ. ಈಗ ಸ್ಕೆಚ್‌ಬುಕ್ ತೆರೆದರೆ ಕೈಯೇ ಓಡುವುದಿಲ್ಲ. ಜಲವರ್ಣ ತಂದೆ, ಎರಡು ವಾರಕ್ಕೆ ಬಿಟ್ಟೆ. ಏನು ಬರೆದರೂ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ‘ಸರಿ’ ಮಾಡಿಬಿಡುತ್ತೇನೆ, ಅಲ್ಲಿಗೆ ಅದೂ ಆಫೀಸಿನ ಕೆಲಸದ ಹಾಗೇ ಆಗುತ್ತದೆ. ಬಾಡಿಗೆ ಮನೆ, ಒಂದು ಊಟದ ಮೇಜು, ಭಾನುವಾರ ಎರಡು ಮೂರು ಗಂಟೆ, ಸುಮಾರು 3000 ರೂಪಾಯಿ. ಇಷ್ಟರಲ್ಲಿ ಪೂರ್ತಿ ಕೈಯಿಂದಲೇ ಮಾಡುವ ಯಾವ ಕಲೆ ಶುರು ಮಾಡಬಹುದು? ಕನ್ನಡ ಅಕ್ಷರಗಳನ್ನೂ ಬಳಸುವ ಆಸೆಯಿದೆ. ಮುಂದೆ ಕೆಲಸದಲ್ಲೂ ಉಪಯೋಗಕ್ಕೆ ಬಂದೀತೇ?

ಉತ್ತರ: ಲಿನೋಕಟ್ ಹಿಡಿಯಿರಿ. ಲಿನೋಲಿಯಂ ತುಂಡಿನಲ್ಲಿ ಉಳಿಯಿಂದ ಚಿತ್ರ ಕೊರೆದು, ಕೊರೆಯದೆ ಬಿಟ್ಟ ಮೇಲ್ಮೈಗೆ ಇಂಕ್ ಹಚ್ಚಿ, ಕಾಗದಕ್ಕೆ ಒತ್ತಿ ಪ್ರಿಂಟ್ ತೆಗೆಯುವ ಕಲೆ ಅದು; ಕೊರೆಯುವ ಆ ತುಂಡೇ ಬ್ಲಾಕ್. ಜಲವರ್ಣದಲ್ಲಿ ನೀರು, ಬಣ್ಣ, ಕಾಗದ ಮೂರೂ ಒಂದೇ ಸಲಕ್ಕೆ ಓಡುತ್ತವೆ. ಅದನ್ನು ಹಿಡಿತಕ್ಕೆ ತರಲು ಬೇಕಾಗುವುದು ಬೇರೆಯೇ ಅಭ್ಯಾಸ, ನಿಮ್ಮ ಒಂಬತ್ತು ವರ್ಷದ ಅನುಭವದ ಬಹುಪಾಲು ಅಲ್ಲಿ ಸುಮ್ಮನೆ ಕೂತಿರುತ್ತದೆ. ನೀವು ಅದನ್ನು ಬೇಗ ಕೈಬಿಟ್ಟದ್ದು ಹಾಗಾಗಿಯೇ ಇರಬೇಕು. ಲಿನೋಕಟ್ ಕೇಳುವುದು ಗಟ್ಟಿಯಾದ ಆಕಾರ, ಖಾಲಿ ಜಾಗದ ಲೆಕ್ಕ, ಒಂದೆರಡು ಬಣ್ಣ, ಪದರದ ಮೇಲೆ ಪದರ. ಇವು ನಿಮಗೆ ಆಗಲೇ ಗೊತ್ತು. ಗೊತ್ತಿಲ್ಲದ್ದು, ಎದುರು ಬೀಳುವ ವಸ್ತುವಿನ ಜೊತೆ ಏಗುವುದು ಮತ್ತು ಒಮ್ಮೆ ಕೊರೆದದ್ದನ್ನು ವಾಪಸ್ ತರಲಾಗದೆ ಮುಂದೆ ಹೋಗುವುದು. ನೀವು ಹುಡುಕುತ್ತಿರುವ ಖುಷಿ ಇರುವುದು ಅಲ್ಲೇ ಎಂಬುದು ನನ್ನ ಅಂದಾಜು.

ಲಿನೋಲಿಯಂ ಎಂದರೆ ಪ್ಲಾಸ್ಟಿಕ್ ಅಲ್ಲ. ಗಾಳಿಗೆ ಒಡ್ಡಿ ಗಟ್ಟಿ ಮಾಡಿದ ಅಗಸೆ ಎಣ್ಣೆಗೆ ಕಾರ್ಕ್ ಪುಡಿ, ಮರದ ಪುಡಿ ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡಿದ ಹಾಸು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ನೆಲಕ್ಕೆ ಹಾಸಲೆಂದು. ಕಲಾವಿದರು ಆಮೇಲೆ ಎತ್ತಿಕೊಂಡರು. ಮರಕ್ಕೆ ಎಳೆಯಿದೆ, ಉಳಿಯನ್ನು ಅದು ತನ್ನ ದಿಕ್ಕಿಗೆ ಎಳೆದುಕೊಳ್ಳುತ್ತದೆ. ಲಿನೋಗೆ ಎಳೆಯೇ ಇಲ್ಲ, ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಹದದಲ್ಲಿ ಕೊರೆಯುತ್ತದೆ. ದುಂಡು ತಿರುವುಗಳೇ ತುಂಬಿರುವ ಕನ್ನಡ ಲಿಪಿಗೆ ಇದು ಹೇಳಿ ಮಾಡಿಸಿದ ಗುಣ.

ಶುರು ಮಾಡುವ ಮೊದಲು ಬಂಗಾಳದ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ದಂಡಿಯಾತ್ರೆಯ ಸಂದರ್ಭದಲ್ಲಿ ಮಾಡಿದ, ಕೋಲು ಹಿಡಿದು ನಡೆಯುವ ಗಾಂಧಿಯ ಲಿನೋಕಟ್ ಅನ್ನು ಹತ್ತು ನಿಮಿಷ ನೋಡಿ. ಬಹುತೇಕ ಕಪ್ಪು. ಕೊರೆದ ಬಿಳಿ ಗೆರೆಗಳು ಕೆಲವೇ, ದೇಹದ ಅಂಚಿನಲ್ಲಿ ಮತ್ತು ಬಟ್ಟೆಯ ಮಡಿಕೆಯಲ್ಲಿ. ಕಾಗದದ ಮೇಲೆ ಪೆನ್ನಿನಿಂದ ಕತ್ತಲನ್ನು ಕೂಡಿಸುತ್ತೇವೆ, ಲಿನೋದಲ್ಲಿ ಕತ್ತಲಿಂದ ಬೆಳಕನ್ನು ತೆಗೆಯುತ್ತೇವೆ. ಹೊಸಬರು ಮಾಡುವ ದೊಡ್ಡ ತಪ್ಪು, ಬಿಳಿ ಕಾಗದದ ಮೇಲೆ ಕಪ್ಪು ಗೆರೆ ಎಳೆದ ಚಿತ್ರವನ್ನೇ ಬ್ಲಾಕಿಗೆ ಇಳಿಸಿ, ಗೆರೆ ಬಿಟ್ಟು ಉಳಿದ ಅಷ್ಟೂ ಜಾಗವನ್ನು ಗಂಟೆಗಟ್ಟಲೆ ಕೆತ್ತಿ ಖಾಲಿ ಮಾಡುವುದು. ಕೈ ಸೋಲುತ್ತದೆ, ಗೆರೆ ಮುರಿಯುತ್ತದೆ, ಕೊನೆಗೆ ಸಿಗುವುದು ಪೆನ್ನಿನಲ್ಲಿ ಐದು ನಿಮಿಷಕ್ಕೆ ಬರುತ್ತಿದ್ದ ಚಿತ್ರ.

ದುಡ್ಡಿನ ವಿಷಯಕ್ಕೆ ಬಂದರೆ, ಹೆಚ್ಚಿನ ಪಾಲು ಉಳಿಗಳಿಗೆ ಹೋಗಲಿ. ಒಂದು ಹಿಡಿಗೆ ಐದು ಬ್ಲೇಡ್ ಬದಲಿಸುವ ಅಗ್ಗದ ಸೆಟ್ ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ಬ್ಲೇಡ್ ಅಲುಗುವುದೇ ತೊಂದರೆ. ಅಲುಗುವ ಬ್ಲೇಡಿಗೆ ಒತ್ತಡ ಹೆಚ್ಚು ಹಾಕುತ್ತೀರಿ, ಹೆಚ್ಚು ಒತ್ತಿದಾಗ ಜಾರುತ್ತದೆ. ಅದರ ಬದಲು ಹಿಡಿಯೊಳಗೆ ಬಿಗಿಯಾಗಿ ಕೂತಿರುವ ಎರಡೇ ಎರಡು ಉಳಿ ಕೊಳ್ಳಿ: 1ರಿಂದ 2 ಮಿ.ಮೀ. ಅಗಲದ ವಿ ಆಕಾರದ್ದು ಒಂದು, 3ರಿಂದ 4 ಮಿ.ಮೀ. ಅಗಲದ ಯು ಆಕಾರದ್ದು ಇನ್ನೊಂದು. ದೊಡ್ಡ ಜಾಗ ಖಾಲಿ ಮಾಡಲು 8 ಮಿ.ಮೀ. ಯು ಉಳಿ ಆಮೇಲೆ ತಂದರಾಯಿತು. ಲಿನೋ ಹಾಳೆ 3 ಮಿ.ಮೀ. ದಪ್ಪದ್ದು, ಎ5 ಅಳತೆಯ (ಎ4 ಹಾಳೆಯ ಅರ್ಧ) ನಾಲ್ಕೈದು ತುಂಡು ಸಾಕು. ಕೊಳ್ಳುವಾಗ ಮೂಲೆಯನ್ನು ತುಸು ಬಾಗಿಸಿ ನೋಡಿ, ಪುಡಿಯಾಗಿ ಬಿರುಕು ಬಿಟ್ಟರೆ ಅದು ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಮಾಲು. ಒಳಗಿನ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತಲೇ ಹೋಗುವುದರಿಂದ ಹಳೆಯ ಲಿನೋ ಕೊರೆಯಲು ಬರುವುದಿಲ್ಲ. ಮೆತ್ತನೆಯ ರಬ್ಬರ್ ಹಾಳೆಗಳೂ ಇವೆ, ಬೆಣ್ಣೆಯ ಹಾಗೆ ಕೊರೆಯುತ್ತವೆ. ನಿಮಗೆ ಅವನ್ನು ಹೇಳುವುದಿಲ್ಲ: ಉಳಿಗೆ ಎದುರು ಒತ್ತಡ ಕೊಡದ ವಸ್ತುವಿನಲ್ಲಿ ಕೈ ಕಲಿಯುವುದು ಕಡಿಮೆ, ಸಣ್ಣ ಅಂಚುಗಳೂ ಒತ್ತುವಾಗ ಬಾಗುತ್ತವೆ.

ಉಳಿದದ್ದು: 6ರಿಂದ 10 ಸೆಂ.ಮೀ. ಅಗಲದ ಮೆತ್ತನೆಯ ರಬ್ಬರ್ ರೋಲರ್ ಒಂದು. ಇಂಕ್ ಹರಡಲು ಒಂದಡಿ ಚೌಕದ ಗಾಜು, ಅಂಚಿಗೆ ಟೇಪ್ ಸುತ್ತಿ. ಕಪ್ಪು ಇಂಕ್ ಒಂದೇ. ಪ್ರಿಂಟ್ ಉಜ್ಜಲು ಅಡುಗೆಮನೆಯ ಸ್ಟೀಲ್ ಚಮಚ ಅಥವಾ ಮರದ ಸೌಟಿನ ಬೆನ್ನು, ಜೊತೆಗೆ ಬಟರ್ ಪೇಪರ್. ಕೊರೆಯುವಾಗ ಬ್ಲಾಕ್ ಸರಿಯದಂತೆ ತಡೆಯುವ ಹಲಗೆಯನ್ನು ನೀವೇ ಮಾಡಿಕೊಳ್ಳಬಹುದು: 30×20 ಸೆಂ.ಮೀ. ಪ್ಲೈವುಡ್, ಒಂದು ತುದಿಯ ಮೇಲ್ಗಡೆ ಒಂದು ಮರದ ಪಟ್ಟಿ, ಎದುರು ತುದಿಯ ಕೆಳಗಡೆ ಇನ್ನೊಂದು. ಕೆಳಗಿನದು ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ಬ್ಲಾಕ್ ಒರಗುತ್ತದೆ. ಇದನ್ನು ಬಿಟ್ಟು ಶುರು ಮಾಡಬೇಡಿ. ಎಡಗೈಯಿಂದ ಬ್ಲಾಕನ್ನು ಮುಂದಿನಿಂದ ಹಿಡಿದಾಗ ಉಳಿ ಜಾರಿದರೆ ಗಾಯ ಆಗುವುದು ಆ ಕೈಗೇ. ಎಡಗೈ ಯಾವಾಗಲೂ ಉಳಿಯ ಮೊನೆಯ ಹಿಂದೆ ಇರಬೇಕು, ಇದಕ್ಕೆ ರಿಯಾಯಿತಿಯೇ ಇಲ್ಲ.

ಇಂಕಿನಲ್ಲಿ ಎರಡು ದಾರಿ. ನೀರಿನ ಬ್ಲಾಕ್ ಪ್ರಿಂಟಿಂಗ್ ಇಂಕ್ ತೊಳೆಯಲು ಸುಲಭ, ಬೇಗ ಒಣಗುತ್ತದೆ. ಬೇಗ ಎಂದರೆ ಅತಿ ಬೇಗ. ಬೇಸಗೆಯ ಬೆಂಗಳೂರಿನಲ್ಲಿ ಸೀಲಿಂಗ್ ಫ್ಯಾನ್ ಕೆಳಗೆ ಕೂತರೆ ರೋಲರ್ ಮೇಲೆಯೇ ಒಣಗಿ ಕಾಗದ ಬ್ಲಾಕಿಗೆ ಅಂಟಿಕೊಳ್ಳುತ್ತದೆ. ಫ್ಯಾನ್ ಆರಿಸಿ, ಗಾಜಿನ ಮೇಲಿನ ಇಂಕಿಗೆ ನಡುನಡುವೆ ಒಂದು ಹನಿ ನೀರು ಚಿಮುಕಿಸಿ. ಎಣ್ಣೆಯ ಇಂಕ್ ಗಂಟೆಗಟ್ಟಲೆ ಹಸಿಯಾಗಿರುತ್ತದೆ, ಕಪ್ಪು ಆಳವಾಗಿ ಬರುತ್ತದೆ, ಸಣ್ಣ ಗೆರೆ ಚೊಕ್ಕ. ಆಫ್‌ಸೆಟ್ ಪ್ರೆಸ್ಸಿನವರು ಬಳಸುವ ಕಪ್ಪು ಇಂಕೂ ನಡೆಯುತ್ತದೆ, ಅಗ್ಗವೂ ಹೌದು. ತೀರಾ ಗಟ್ಟಿಯೆನಿಸಿದರೆ ಒಂದು ಚಮಚ ಇಂಕಿಗೆ ಎರಡು ಮೂರು ಹನಿ ಅಗಸೆ ಎಣ್ಣೆ ಬೆರೆಸಿ. ಆದರೆ ಒಣಗಲು ಎರಡು ದಿನದಿಂದ ವಾರದವರೆಗೆ ಬೇಕು, ಕರಾವಳಿಯ ಮಳೆಗಾಲದಲ್ಲಿ ಇನ್ನೂ ಹೆಚ್ಚು. ನಿಮ್ಮ ಮನೆಯಲ್ಲಿ ಒಂದು ಹಗ್ಗ ಕಟ್ಟಿ ಕ್ಲಿಪ್ ಹಾಕಲು ಜಾಗವಿದ್ದರೆ ಎಣ್ಣೆಯದನ್ನೇ ಆರಿಸಿ. ತೊಳೆಯಲು ಸೀಮೆಎಣ್ಣೆ ಬೇಡ: ಮೊದಲು ಅಡುಗೆ ಎಣ್ಣೆ ಹಾಕಿ ಚಿಂದಿಯಿಂದ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪು. ಉಳಿದ ಇಂಕನ್ನು ಸಿಂಕಿಗೆ ಬಿಡದೆ ಹಳೆಯ ಕಾರ್ಡಿನಿಂದ ಕೆರೆದು ಕಾಗದದಲ್ಲಿ ಕಟ್ಟಿ ಎಸೆಯಿರಿ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಹೀರಿದ ಚಿಂದಿಯನ್ನು ಮುದ್ದೆ ಮಾಡಿ ಡಬ್ಬಕ್ಕೆ ಹಾಕಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಎಸೆಯಿರಿ.

ಕಾಗದಕ್ಕೆ ಜಲವರ್ಣದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ತೂಗುವ ಗ್ರಾಂ) ಒರಟು ಹಾಳೆ ಮಿಕ್ಕಿದೆಯೆಂದು ಅದನ್ನೇ ತೆಗೆಯಬೇಡಿ. ಚಮಚದ ಒತ್ತಡ ಅದರ ಗುಳಿಗಳೊಳಗೆ ಇಳಿಯುವುದಿಲ್ಲ. ಕೈಯಿಂದ ಉಜ್ಜಿ ತೆಗೆಯುವ ಪ್ರಿಂಟಿಗೆ 80ರಿಂದ 120 ಜಿಎಸ್‌ಎಂನ ನುಣುಪಾದ, ಹೊಳಪಿಲ್ಲದ ಕಾಗದ ಬೇಕು. ನೇಪಾಳದ ಲೋಕ್ತಾ ಕಾಗದ ತೆಳುವಾದರೂ ಗಟ್ಟಿ, ಉಜ್ಜುವಾಗ ಹರಿಯುವುದಿಲ್ಲ. ಪುದುಚೇರಿಯ ಅರವಿಂದಾಶ್ರಮದ ಕೈಕಾಗದದಲ್ಲೂ ತೆಳುವಾದ ಬಗೆಗಳು ಚೆನ್ನ. ಅಭ್ಯಾಸಕ್ಕೆ ಅವೆನ್ಯೂ ರಸ್ತೆಯ ಕಾಗದದಂಗಡಿಗಳಲ್ಲಿ ಸಿಗುವ ಸಾದಾ ಕಾರ್ಟ್ರಿಜ್ ಹಾಳೆಯೇ ಸಾಕು.

ಇನ್ನು ನಿಮ್ಮ ನಿಜವಾದ ತೊಂದರೆ. ಚಿತ್ರವನ್ನು ಇಲ್ಲಸ್ಟ್ರೇಟರಿನಲ್ಲಿ ಪೂರ್ತಿ ಮುಗಿಸಿ, ಅದನ್ನು ಬ್ಲಾಕಿಗೆ ಇಳಿಸಿ, ಗೆರೆಯ ಮೇಲೆ ಗೆರೆಯಾಗಿ ಕೊರೆಯುವುದು ಡಿಸೈನರ್‌ಗಳಿಗೆ ಬಲು ಸುಲಭ. ಹಾಗೆ ಮಾಡಿದರೆ ನೀವು ಬರೇ ನಿಧಾನಗತಿಯ ಪ್ಲಾಟರ್, ಕಂಪ್ಯೂಟರ್ ಹೇಳಿದ ಗೆರೆಯನ್ನು ಎಳೆಯುವ ಯಂತ್ರ. ನಿರ್ಧಾರಗಳೆಲ್ಲ ತೆರೆಯ ಮೇಲೆ ಮುಗಿದಿರುತ್ತವೆ, ಕೈಗೆ ಉಳಿಯುವುದು ಕೂಲಿ. ಲಿನೋ ಕೊಂಡು ತಿಂಗಳೊಳಗೆ ಅಟ್ಟಕ್ಕೆ ಹಾಕುವವರಲ್ಲಿ ಹಲವರು ಹೀಗೆಯೇ ಶುರು ಮಾಡಿದವರು. ಬ್ಲಾಕಿನ ಮೇಲೆ ದೊಡ್ಡ ಆಕಾರಗಳನ್ನಷ್ಟೇ ದಪ್ಪ ಮಾರ್ಕರಿನಲ್ಲಿ ಗುರುತು ಮಾಡಿ. ನೆರಳು ಯಾವ ಗೆರೆಯಲ್ಲಿ ಬರಬೇಕು, ಹಿನ್ನೆಲೆ ಖಾಲಿಯೋ ಚುಕ್ಕಿಯೋ, ಅಂಚು ಎಲ್ಲಿ ಕರಗಬೇಕು ಎಂಬ ಮೂರನೇ ಒಂದು ಪಾಲು ನಿರ್ಧಾರವನ್ನು ಉಳಿ ಕೈಯಲ್ಲಿರುವಾಗಲೇ ಮಾಡಿ. ಪೆನ್ಸಿಲ್ ಬಿಟ್ಟು ಮಾರ್ಕರ್ ಹೇಳುವುದಕ್ಕೂ ಕಾರಣವಿದೆ: ಮಾರ್ಕರಿನ ಗೆರೆಯ ಅಗಲ ಉಳಿಯ ಅಗಲಕ್ಕೆ ಹತ್ತಿರ, ಉಳಿ ಮಾಡಲಾಗದ್ದನ್ನು ಅದರಲ್ಲಿ ಬರೆಯಲೂ ಆಗುವುದಿಲ್ಲ.

ಮೊದಲ ಭಾನುವಾರ ಚಿತ್ರವೇ ಬೇಡ. 10×15 ಸೆಂ.ಮೀ. ತುಂಡಿನಲ್ಲಿ ಆರು ಚೌಕ ಗೀರಿ, ಪ್ರತಿಯೊಂದನ್ನೂ ಒಂದೊಂದು ಬಗೆಯ ಗುರುತಿನಿಂದ ತುಂಬಿ: ಹತ್ತಿರದ ಸಮಾನಾಂತರ ಗೆರೆ, ಅಗಲವಾಗುತ್ತ ಹೋಗುವ ಗೆರೆ, ಅಕ್ಕಿಕಾಳಿನಂಥ ಚಿಕ್ಕ ಕಚ್ಚು, ಅಡ್ಡಡ್ಡ ಹೆಣಿಗೆ, ಉಳಿಯನ್ನು ಎಡಬಲ ತೂಗುತ್ತ ಕೊರೆದ ಅಲೆ, ಪೂರ್ತಿ ಖಾಲಿ. ಕೊರೆಯುವ ಮೊದಲು ಬ್ಲಾಕಿನ ಮೇಲ್ಮೈಗೆ ತೆಳುವಾಗಿ ನೀಲಿ ಅಥವಾ ಕೆಂಪು ಬಣ್ಣ ಬಳಿದು ಒಣಗಿಸಿ; ಕೊರೆದ ಜಾಗ ಲಿನೋ ಬಣ್ಣದಲ್ಲಿ ಎದ್ದು ಕಂಡು ಪ್ರಿಂಟ್ ಹೇಗೆ ಬರುವುದೆಂದು ಅಲ್ಲೇ ತಿಳಿಯುತ್ತದೆ. ಡಿಸೆಂಬರಿನ ಬೆಳಗ್ಗೆಯಾದರೆ ಬ್ಲಾಕನ್ನು ಹತ್ತು ನಿಮಿಷ ಎಳೆಬಿಸಿಲಿಗೆ ಇಡಿ, ಬೆಚ್ಚಗಾದ ಲಿನೋ ಮೆತ್ತಗಾಗಿ ಸಲೀಸಾಗಿ ಕೊರೆಯುತ್ತದೆ. ರಾಯಚೂರಿನ ಏಪ್ರಿಲ್‌ಗೆ ಈ ಉಪಚಾರ ಬೇಕಿಲ್ಲ.

ಉಳಿಯನ್ನು ಅಂಗೈಯಲ್ಲಿ ಕೂರಿಸಿ, ತೋರುಬೆರಳು ಬ್ಲೇಡಿನ ಮೇಲಿಟ್ಟು, ಸುಮಾರು 20–30 ಡಿಗ್ರಿ ಓರೆಯಲ್ಲಿ ತಳ್ಳಿ. ಕೋನ ಹೆಚ್ಚಾದರೆ ಮೊನೆ ಒಳಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಬಿಡಿಸಲು ಒತ್ತಿದಾಗಲೇ ಅದು ಹಾರುವುದು. ಆಳ ಸಣ್ಣ ಗೆರೆಗೆ ಅರ್ಧ ಮಿ.ಮೀ., ಅಗಲ ಜಾಗಕ್ಕೆ ಒಂದೂವರೆ ಮಿ.ಮೀ. ಸಾಕು. ಹಿಂಬದಿಯ ಸೆಣಬು ಕಂಡರೆ ಅತಿಯಾಯಿತು, ಎಳೆಗಳು ಎದ್ದು ಇಂಕ್ ಹಿಡಿಯುತ್ತವೆ. ತಿರುವು ಬಂದಾಗ ಉಳಿ ಹಿಡಿದ ಕೈಯನ್ನು ಅಲ್ಲೇ ಇಟ್ಟು ಇನ್ನೊಂದು ಕೈಯಿಂದ ಬ್ಲಾಕನ್ನು ತಿರುಗಿಸಿ. ಮಣಿಕಟ್ಟು ತಿರುಗಿಸಿ ಕೊರೆದ ವೃತ್ತ ಮೂಲೆಮೂಲೆಯಾಗುತ್ತದೆ. ಉಳಿಸಬೇಕಾದ ಆಕಾರದ ಗೋಡೆ ಬುಡದ ಕಡೆಗೆ ಅಗಲವಾಗುವಂತೆ ಓರೆಯಾಗಿರಲಿ. ಅಂಚಿನ ಅಡಿಗೆ ಉಳಿ ನುಗ್ಗಿ ಟೊಳ್ಳಾದರೆ ಎರಡನೇ ಪ್ರಿಂಟಿಗೇ ಅಂಚು ಮುರಿಯುತ್ತದೆ.

ಅರ್ಧ ಗಂಟೆ ಕೊರೆದ ಮೇಲೆ ಒತ್ತಡ ಜಾಸ್ತಿ ಬೇಕೆನಿಸತೊಡಗುತ್ತದೆ. ಕೈ ಸೋತಿದೆ ಎಂದುಕೊಳ್ಳುತ್ತೇವೆ, ನಿಜದಲ್ಲಿ ಮೊಂಡಾಗಿರುವುದು ಉಳಿ. ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಲೋಹದ ಪಾಲಿಶ್ ಹಚ್ಚಿ, ಉಳಿಯ ಹೊರಮೈಯನ್ನು ಅದರ ಮೇಲಿಟ್ಟು ನಿಮ್ಮ ಕಡೆಗೆ ಹತ್ತಿಪ್ಪತ್ತು ಸಲ ಎಳೆಯಿರಿ. ತಳ್ಳಬೇಡಿ, ಚರ್ಮ ಸೀಳುತ್ತದೆ. ಯು ಉಳಿಯಾದರೆ ಎಳೆಯುತ್ತಲೇ ಪಕ್ಕಕ್ಕೆ ಉರುಳಿಸಿ. ಪ್ರತಿ ಸಲ ಕೂತಾಗ ಹೀಗೆ ಒಮ್ಮೆ ಮಾಡಿದರೆ ಸಾಣೆಕಲ್ಲಿನ ಗೊಡವೆ ತಿಂಗಳುಗಟ್ಟಲೆ ಬರುವುದಿಲ್ಲ.

ಪ್ರಿಂಟ್ ತೆಗೆಯುವುದು ಅರ್ಧ ಕಲೆ, ಅರ್ಧ ತಾಳ್ಮೆ. ಎ5 ಬ್ಲಾಕಿಗೆ ಅರ್ಧ ಟೀ ಚಮಚ ಇಂಕಿನಿಂದ ಶುರು ಮಾಡಿ. ಗಾಜಿನ ಮೇಲೆ ಉದ್ದುದ್ದಕ್ಕೂ ಅಡ್ಡಡ್ಡಕ್ಕೂ ಉರುಳಿಸಿ, ಪ್ರತಿ ಸಲ ರೋಲರ್ ಎತ್ತಿ ಇಡಿ. ಎತ್ತದಿದ್ದರೆ ರೋಲರಿನ ಒಂದೇ ಭಾಗ ಇಂಕ್ ಮುಟ್ಟುತ್ತದೆ. ಹದ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ: ಪದರ ತೆಳುವಾಗಿ ಸಮನಾದಾಗ ಚುರುಚುರು ಎಂಬ ಮೆಲುಸದ್ದು. ಪಚಪಚ ಎಂದರೆ ಇಂಕ್ ಹೆಚ್ಚು, ಮೇಲ್ಮೈಯೂ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ಬ್ಲಾಕಿಗೆ ಒಂದೇ ಸಲ ದಪ್ಪಗೆ ಹಚ್ಚದೆ, ತೆಳುವಾಗಿ ನಾಲ್ಕೈದು ಸಲ ದಿಕ್ಕು ಬದಲಿಸಿ ಹಚ್ಚಿ. ಇಂಕ್ ಮುಟ್ಟಿದ ಕೈಯಿಂದ ಕಾಗದ ಹಿಡಿಯದಿರಲು ರಟ್ಟಿನ ಎರಡು ತುಂಡನ್ನು ಚಿಮಟದಂತೆ ಬಳಸಿ.

ಕಾಗದದ ಒಂದು ಅಂಚನ್ನು ಮೊದಲು ತಾಗಿಸಿ, ಉಳಿದದ್ದನ್ನು ಮೆಲ್ಲಗೆ ಬಿಡಿ. ಅಂಗೈಯಿಂದ ಸವರಿ ಕೂರಿಸಿ, ಮೇಲೆ ಬಟರ್ ಪೇಪರ್ ಹಾಕಿ, ಚಮಚದ ಬೆನ್ನಿನಿಂದ ನಡುವಿನಿಂದ ಹೊರಗೆ ಚಿಕ್ಕ ಚಿಕ್ಕ ಸುತ್ತಿನಲ್ಲಿ ಉಜ್ಜಿ. ಎ5ಗೆ ನಾಲ್ಕೈದು ನಿಮಿಷ ಬೇಕು, ಅವಸರಪಟ್ಟರೆ ಪ್ರಿಂಟಿನಲ್ಲಿ ಕಾಣುತ್ತದೆ. ಒಂದು ಮೂಲೆಯಿಂದ ಅರ್ಧದವರೆಗೆ ಎತ್ತಿ ನೋಡಿ. ಮಸುಕಾಗಿದ್ದರೆ ಹಾಗೇ ವಾಪಸ್ ಬಿಟ್ಟು ಮತ್ತೆ ಉಜ್ಜಬಹುದು, ಉಳಿದ ಅರ್ಧ ಅಂಟಿಕೊಂಡಿರುವುದರಿಂದ ಕಾಗದ ಸರಿಯುವುದಿಲ್ಲ. ಹೊಸ ಬ್ಲಾಕ್ ಇಂಕನ್ನು ಹೀರುವುದರಿಂದ ಮೊದಲ ಎರಡು ಮೂರು ಪ್ರಿಂಟ್ ಪೇಲವವಾಗಿಯೇ ಬರುತ್ತವೆ. ಅವನ್ನು ನೋಡಿ ಬ್ಲಾಕಿನ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಕೆಟ್ಟಾಗ ಕಾರಣ ಹುಡುಕುವುದು ಹೀಗೆ. ಕಪ್ಪಿನಲ್ಲಿ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕಿಗಳಿದ್ದರೆ ಇಂಕ್ ಅಥವಾ ಒತ್ತಡ ಕಡಿಮೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಮುಂದಿನ ಪ್ರಿಂಟಿನಲ್ಲಿ ಒಂದನ್ನೇ ಬದಲಿಸಿ. ಸಣ್ಣ ಬಿಳಿ ಗೆರೆಗಳು ಮುಚ್ಚಿಹೋದರೆ ಇಂಕ್ ಹೆಚ್ಚು. ಆಗ ಎರಡು ಪ್ರಿಂಟನ್ನು ಹಳೆ ಪೇಪರಿನ ಮೇಲೆ, ಹೊಸ ಇಂಕ್ ಹಚ್ಚದೆ ತೆಗೆದರೆ ಗೆರೆಗಳು ಬಿಡಿಸಿಕೊಳ್ಳುತ್ತವೆ. ಆಕಾರದ ಸುತ್ತ ದಪ್ಪ ಕಪ್ಪು ಅಂಚು, ಒಳಗೆ ತುಸು ಬಿಳುಪು ಬಂದರೆ ಇಂಕ್ ತೀರಾ ನೀರಾಗಿದೆ. ಗೆರೆ ಎರಡೆರಡಾಗಿ ಕಂಡರೆ ಕಾಗದ ಸರಿದಿದೆ. ಖಾಲಿ ಮಾಡಿದ ಜಾಗದಲ್ಲಿ ಉಳಿದ ಏಣುಗಳು ಕಪ್ಪು ಗೀರುಗಳಾಗಿ ಮೂಡುತ್ತವೆ, ಇದೊಂದನ್ನು ಮಾತ್ರ ಕೂಡಲೇ ‘ಸರಿ’ ಮಾಡಲು ಹೋಗಬೇಡಿ. ಆ ಗೀರುಗಳು ಉಳಿ ಯಾವ ದಿಕ್ಕಿಗೆ ಓಡಿತೆಂದು ಹೇಳುತ್ತವೆ. ಆಕಾರದ ಸುತ್ತ ಹರಿಯುವಂತೆ ಕೊರೆದಿದ್ದರೆ ಚಿತ್ರಕ್ಕೆ ಗಾಳಿ ಬರುತ್ತದೆ. ಪಿಕ್ಸೆಲ್ ಮಟ್ಟದಲ್ಲಿ ಚೊಕ್ಕ ಮಾಡಿ ರೂಢಿಯಾದ ಕಣ್ಣಿಗೆ ಇದು ಮೊದಲು ಕಸವೆನಿಸುವುದು ಸಹಜ. ಪ್ರಿಂಟನ್ನು ಗೋಡೆಗೆ ಹಚ್ಚಿ ಆರಡಿ ದೂರದಿಂದ ಒಂದು ವಾರ ನೋಡಿ, ಆಮೇಲೂ ಕಾಟ ಕೊಟ್ಟರೆ ಕೆರೆದು ತೆಗೆಯಿರಿ.

ಉಳಿ ಜಾರಿ ಬೇಡದ ಕಡೆ ಗೀರಿದರೆ? ಮುರಿದ ಚೂರು ಸಿಕ್ಕಿದರೆ ಫೆವಿಕ್ವಿಕ್ ಹಾಕಿ ಕೂರಿಸಬಹುದು. ಎಪಾಕ್ಸಿ ಪುಟ್ಟಿ ತುಂಬಿ, ಒಣಗಿದ ಮೇಲೆ ನುಣ್ಣಗೆ ಉಜ್ಜಲೂಬಹುದು. ಆದರೂ ಮೊದಲ ಕೆಲವು ಬ್ಲಾಕುಗಳಲ್ಲಿ ಇದನ್ನು ಮಾಡದೆ, ಜಾರಿದ ಗೆರೆಯ ಪಕ್ಕದಲ್ಲೇ ಅಂಥವೇ ಇನ್ನೆರಡು ಗೆರೆ ಕೊರೆದು ಅದನ್ನು ಚಿತ್ರದೊಳಗೆ ಸೇರಿಸಿಕೊಳ್ಳಿ. ಈ ಹೊಂದಾಣಿಕೆಯನ್ನು ಯಾವ ಸಾಫ್ಟ್‌ವೇರೂ ನಿಮ್ಮಿಂದ ಕೇಳಿರುವುದಿಲ್ಲ.

ಎರಡನೇ ಬ್ಲಾಕಿಗೆ ಎದುರಿಗಿರುವ ಒಂದೇ ವಸ್ತು: ಅಡ್ಡ ಹೆಚ್ಚಿದ ಈರುಳ್ಳಿ, ಬಾಳೆಹೂವು, ಸೀಳಿದ ಹಲಸಿನ ತುಂಡು. ಕಂಪ್ಯೂಟರ್ ಮುಟ್ಟದೆ ನೇರ ಬ್ಲಾಕಿನ ಮೇಲೇ ಬರೆಯಿರಿ. ಪ್ರಿಂಟಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಈರುಳ್ಳಿಗೆ ಅದರಿಂದ ನಷ್ಟವಿಲ್ಲ.

ಅಕ್ಷರಕ್ಕೆ ನಷ್ಟವಿದೆ. ಆದ್ದರಿಂದ ಕನ್ನಡ ಅಕ್ಷರ ಮೂರನೇ ಬ್ಲಾಕಿಗಿರಲಿ. ಇಳಿಸಲು ಸುಲಭ ದಾರಿ: ಅಕ್ಷರವನ್ನು ಬ್ರಶ್ಶಿನಲ್ಲಿ ಕಾಗದದ ಮೇಲೆ ಬರೆದು, ಜೆರಾಕ್ಸ್ ಮಾಡಿಸಿ, ಪ್ರತಿಯ ಮುಖವನ್ನು ಬ್ಲಾಕಿನ ಮೇಲೆ ಕವುಚಿ ಹಾಕಿ, ಬೆನ್ನಿಗೆ ಅಸಿಟೋನ್ ಒದ್ದೆ ಮಾಡಿದ ಹತ್ತಿಯಿಂದ ಒತ್ತಿ, ಚಮಚದಿಂದ ಉಜ್ಜಿ. ಜೆರಾಕ್ಸಿನ ಕಪ್ಪು ಪುಡಿ, ಅಂದರೆ ಟೋನರ್, ಬ್ಲಾಕಿಗೆ ಅಂಟುತ್ತದೆ. ಕವುಚುವಾಗಲೇ ತಿರುಗುಮುರುಗಾಗುವುದರಿಂದ ಕಂಪ್ಯೂಟರಿನಲ್ಲಿ ಫ್ಲಿಪ್ ಮಾಡಬೇಡಿ. ಅಲ್ಲೂ ತಿರುಗಿಸಿದರೆ ಪ್ರಿಂಟ್ ಉಲ್ಟಾ ಬರುತ್ತದೆ. ಕಾರ್ಬನ್ ಪೇಪರ್ ಬಳಸುವುದಾದರೆ ಮಾತ್ರ ಮೊದಲು ತಿರುಗಿಸಬೇಕು. ಇಂಕ್‌ಜೆಟ್ ಪ್ರಿಂಟಿಗೆ ಈ ಉಪಾಯ ನಡೆಯದು, ಅದರಲ್ಲಿ ಟೋನರ್ ಇಲ್ಲ. ಉಗುರುಬಣ್ಣ ತೆಗೆಯುವ ದ್ರವಗಳಲ್ಲಿ ಕೆಲವಕ್ಕೆ ಅಸಿಟೋನೇ ಇರುವುದಿಲ್ಲ, ಬಾಟಲಿ ಓದಿ ಕೊಳ್ಳಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಇಳಿಸಿದ ಬ್ಲಾಕನ್ನು ಕನ್ನಡಿಗೆ ಹಿಡಿದರೆ ಅಕ್ಷರ ನೇರ ಓದಬೇಕು, ಓದಿದರೆ ಕೊರೆಯಿರಿ.

ಕಪ್ಪು ಅಕ್ಷರ ಉಳಿಸಿ ಸುತ್ತ ಖಾಲಿ ಮಾಡುವುದಕ್ಕಿಂತ, ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಕೊರೆಯುವುದು ಮೊದಲಿಗೆ ಒಳ್ಳೆಯದು. ಯು ಉಳಿಯ ಒಂದೇ ಓಟವೇ ಅಕ್ಷರದ ಗೆರೆಯಾಗುತ್ತದೆ, ‘ಮಳೆ’ ಎಂಬ ಎರಡಕ್ಷರವನ್ನು ಹತ್ತೇ ನಿಮಿಷಕ್ಕೆ ಕೊರೆಯಬಹುದು, ಸಾಫ್ಟ್‌ವೇರಿನ ಪೆನ್ ಟೂಲ್ ಎಳೆಯುವ ನುಣುಪಾದ ತಿರುವಿಗೆ ಬಾರದ ಒಂದು ತೊನೆತ ಅದಕ್ಕಿರುತ್ತದೆ. ಕಪ್ಪು ಅಕ್ಷರಕ್ಕೆ ಹೋದಾಗ ಅಕ್ಷರದ ಎತ್ತರ 30 ಮಿ.ಮೀ.ಗಿಂತ ಕಡಿಮೆ ಬೇಡ. ಆಗ ಒತ್ತಕ್ಷರಕ್ಕೆ 12ರಿಂದ 15 ಮಿ.ಮೀ. ಸಿಗುತ್ತದೆ, ಅದಕ್ಕಿಂತ ಚಿಕ್ಕದಾದರೆ ಒಳಗಿನ ಖಾಲಿ ಜಾಗ ಇಂಕಿನಿಂದ ತುಂಬುತ್ತದೆ. ಅಕ್ಷರದ ಹೊಟ್ಟೆಯೊಳಗಿನ ಬಿಳಿ ಎಲ್ಲೂ 2 ಮಿ.ಮೀ.ಗಿಂತ ಕಿರಿದಾಗದಿರಲಿ. ಕಂಪ್ಯೂಟರಿನ ಫಾಂಟನ್ನೇ ತೆಗೆದು ಇಳಿಸಿದರೆ ತಲೆಕಟ್ಟು ಸೇರುವ ಕಡೆ ಬಹಳ ತೆಳುವಾಗಿ ಮುರಿಯುವುದುಂಟು, ಅಲ್ಲಿ ಕಮ್ಮಿಯೆಂದರೂ 1 ಮಿ.ಮೀ. ಉಳಿಸಿ. ಇನ್ನು ಮಹಾಪ್ರಾಣದ ಅಡಿಗೀಟು. ಧ, ಢ, ಭ ಇವುಗಳ ಬುಡದ ಆ ಚಿಕ್ಕ ಗೀಟು ಸುತ್ತಲಿನ ಜಾಗ ಖಾಲಿ ಮಾಡುವಾಗ ಉಳಿಗೆ ಮೊದಲ ಬಲಿ. ಹಾರಿತೆಂದರೆ ‘ಧನ’ ಹೋಗಿ ‘ದನ’ ಉಳಿಯಿತು. ಅದರ ಸುತ್ತಲಿನ ಜಾಗವನ್ನು ಯು ಉಳಿಯಿಂದ ತೆರವು ಮಾಡುವ ಮೊದಲೇ ವಿ ಉಳಿಯಿಂದ ಗೀಟಿನ ಸುತ್ತ ಒಂದು ಕಾಲುವೆ ಕೊರೆದುಬಿಡಿ; ದೊಡ್ಡ ಉಳಿ ಆ ಕಾಲುವೆಗೆ ಬಂದು ನಿಲ್ಲುತ್ತದೆ.

ಬಣ್ಣದ ಆಸೆ ಬಂದಾಗ ಒಂದೇ ಬ್ಲಾಕನ್ನು ಕೊರೆಯುತ್ತ ಹೋಗುವ ರಿಡಕ್ಷನ್ ವಿಧಾನ ನೋಡಿ. ಪಿಕಾಸೊ 1950ರ ದಶಕದ ಕೊನೆಯಲ್ಲಿ ದಕ್ಷಿಣ ಫ್ರಾನ್ಸಿನ ವಲ್ಲೋರಿಸ್‌ನಲ್ಲಿ ಬಳಸಿ ಹೆಸರಾದದ್ದು ಇದೇ. ಬಿಳಿಯಾಗಿ ಉಳಿಯಬೇಕಾದ್ದನ್ನು ಮೊದಲು ಕೊರೆದು ಎಲ್ಲ ಕಾಗದಕ್ಕೂ ತಿಳಿಬಣ್ಣ ಒತ್ತುವುದು. ಆಮೇಲೆ ತಿಳಿಬಣ್ಣವಾಗಿ ಉಳಿಯಬೇಕಾದ್ದನ್ನು ಅದೇ ಬ್ಲಾಕಿನಿಂದ ಕೊರೆದು ಅದರ ಮೇಲೇ ಗಾಢಬಣ್ಣ. ಎರಡನೇ ಸಲ ಕೊರೆದ ಮೇಲೆ ಮೊದಲ ಬಣ್ಣದ ಪ್ರಿಂಟ್ ಇನ್ನೊಂದು ಬೇಕೆಂದರೂ ಸಿಗದು. ಹಾಗಾಗಿ 10 ಬೇಕಿದ್ದರೆ 14 ಹಾಳೆಗೆ ಮೊದಲ ಬಣ್ಣ ಒತ್ತಿ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲು ದಪ್ಪ ರಟ್ಟಿನ ಮೇಲೆ ಎಲ್ ಆಕಾರದ ಎರಡು ಪಟ್ಟಿ ಅಂಟಿಸಿ: ಒಳಗಿನದಕ್ಕೆ ಬ್ಲಾಕಿನ ಮೂಲೆ, ಹೊರಗಿನದಕ್ಕೆ ಕಾಗದದ ಮೂಲೆ. ಒಳಪಟ್ಟಿ ಬ್ಲಾಕಿಗಿಂತ ಎತ್ತರ ಇರಬಾರದು, ಇದ್ದರೆ ಕಾಗದ ಅಲ್ಲಿ ಎದ್ದು ನಿಲ್ಲುತ್ತದೆ. ಕೈಕಾಗದದ ಒರಟು ಅಂಚು ಹೊರಪಟ್ಟಿಗೆ ನೇರ ಕೂರುವುದಿಲ್ಲ, ಎರಡು ಬದಿಯನ್ನಾದರೂ ಅಳತೆಪಟ್ಟಿ ಹಿಡಿದು ಕತ್ತರಿಸಿಕೊಳ್ಳಿ. ಎಣ್ಣೆಯ ಇಂಕಾದರೆ ಎರಡು ಬಣ್ಣದ ನಡುವೆ ಒಂದು ವಾರ ಬಿಡಿ, ನಿಮ್ಮ ಭಾನುವಾರಗಳಿಗೆ ಅದು ಹೇಗೂ ಹೊಂದುತ್ತದೆ.

ತರಗತಿಗೆ ಸೇರಬೇಕೇ ಎಂಬ ಯೋಚನೆ ಬಂದರೆ, ಮೊದಲ ಮೂರು ಬ್ಲಾಕ್ ಮುಗಿಯುವವರೆಗೆ ಬೇಡ. ಅದಕ್ಕಿಂತ ಒಳ್ಳೆಯ ಪ್ರಿಂಟುಗಳನ್ನು ಕಣ್ಣಾರೆ ನೋಡುವುದು ಲಾಭ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಪ್ರಿಂಟ್ ತಂದು ಕೂತವರು ಕಂಡರೆ ನಿಲ್ಲಿ. ಕಾಗದ ಯಾವುದು, ಇಂಕ್ ಯಾವುದು ಎಂದು ಕೇಳಿ. ಕೆಳಗೆ ಪೆನ್ಸಿಲಿನಲ್ಲಿ 3/10 ಎಂದಿದ್ದರೆ ಹತ್ತು ಪ್ರಿಂಟಿನಲ್ಲಿ ಮೂರನೆಯದು ಎಂದರ್ಥ. ನಿಮ್ಮವಕ್ಕೂ ಹಾಗೇ ಎಡಕ್ಕೆ ಸಂಖ್ಯೆ, ಬಲಕ್ಕೆ ಸಹಿ ಹಾಕಿ. ಗೆಳೆಯರಿಗೆ ಕೊಡುವಾಗ ಫೋಟೊ ಕಳಿಸದೆ ಪ್ರಿಂಟನ್ನೇ ಕೊಡಿ.

ಕೆಲಸದಲ್ಲಿ ಬಳಸುವ ಮಾತು. ಮೊದಲ ಮೂರು ಬ್ಲಾಕುಗಳನ್ನು ಸ್ಕ್ಯಾನ್ ಮಾಡಲೇಬೇಡಿ, ಫೋನಿನ ಫೋಟೊವೂ ಬೇಡ. ನಿಮ್ಮ ರೋಗ ನೀವೇ ಬರೆದಿದ್ದೀರಿ. ಆಮೇಲೆ ಬೇಕಾದಾಗ, ಪೂರ್ತಿ ಒಣಗಿದ ಪ್ರಿಂಟನ್ನು 600 ಡಿಪಿಐನಲ್ಲಿ, ಕಪ್ಪುಬಿಳುಪಿನ ಎರಡೇ ಮಟ್ಟವಲ್ಲದೆ ಗ್ರೇಸ್ಕೇಲಿನಲ್ಲಿ ಸ್ಕ್ಯಾನ್ ಮಾಡಿ. ಸ್ಕ್ಯಾನನ್ನು ತಾನೇ ವೆಕ್ಟರ್ ಗೆರೆಗಳಾಗಿ ಬದಲಿಸುವ ಇಮೇಜ್ ಟ್ರೇಸ್ ಒತ್ತಿದಿರೋ, ಉಪ್ಪಿನ ಚುಕ್ಕಿ, ಉಳಿಯ ಗೀರು, ಅಂಚಿನ ನಡುಕ ಎಲ್ಲವನ್ನೂ ಅದು ಸಪಾಟು ಮಾಡಿ ಮತ್ತೆ ವೆಕ್ಟರ್ ಮಾಡುತ್ತದೆ. ಬೆಳಕು ಕತ್ತಲು ಹೊಂದಿಸುವ ಲೆವೆಲ್ಸ್‌ನಲ್ಲಿ ಕಾಗದದ ಬಿಳಿಯನ್ನಷ್ಟೇ ಬಿಳಿ ಮಾಡಿ, ಕೆಳಗಿನ ಬಣ್ಣ ಕಾಣಿಸುವ ಮಲ್ಟಿಪ್ಲೈ ಪದರವಾಗಿ ಬಣ್ಣದ ಮೇಲೆ ಕೂರಿಸಿ. ಚಿಕ್ಕ ಐಕಾನಿಗೆ ಇದನ್ನು ಬಳಸಬೇಡಿ, 24 ಪಿಕ್ಸೆಲಿನಲ್ಲಿ ಉಳಿಯ ಗುರುತು ಬರೀ ಕೊಳೆಯಾಗಿ ಕಾಣುತ್ತದೆ; ಪೋಸ್ಟರ್, ಪುಸ್ತಕದ ಮುಖಪುಟ, ಪೊಟ್ಟಣದ ಮೇಲಿನ ದೊಡ್ಡ ಅಕ್ಷರ ಇಂಥ ಕಡೆ ಅದಕ್ಕೆ ಜಾಗವಿದೆ. ಕ್ಲೈಂಟ್ ಬದಲಾವಣೆ ಕೇಳುವ ಸಾಧ್ಯತೆ ಇದ್ದರೆ ಒಪ್ಪಿಗೆಯನ್ನು ಬ್ರಶ್ಶಿನ ಕರಡಿಗೇ ತೆಗೆದುಕೊಳ್ಳಿ, ಕೊರೆದ ಮೇಲಲ್ಲ.